ಮನೆಯೊಳಗಿನ ಸೇತುವೆ

1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಗೃಹಸ್ಥನ ಮನೆಯ ಯಂತ್ರವೂ ಲೋಕಸೇವೆ ಮಾಡಬಲ್ಲದೆಂಬುದಕ್ಕೆ ಅದು ನಿದರ್ಶನ. ಇಂದಿನ ಅಂತರಜಾಲದಲ್ಲಿಯೂ ಅಂಥ ಸೇವೆಗೆ ಅವಕಾಶವಿದೆ. ಆದರೆ ಇಲ್ಲಿ ನುಡಿಯನ್ನು ಸಾರುವುದಲ್ಲ, ನುಡಿಯುವವರನ್ನು ಕಾಪಾಡುವುದೇ ಕೆಲಸ.

ಅಂತರಜಾಲದಲ್ಲಿ ಯಾರು ಯಾವ ತಾಣಕ್ಕೆ ಹೋಗುತ್ತಾರೆಂಬುದನ್ನು ನಡುವೆ ನಿಂತವರು ಅರಿಯಬಲ್ಲರು. ಆಳುವವರನ್ನು ಟೀಕಿಸುವ ಪತ್ರಕರ್ತನಿಗೆ ಇದರಿಂದ ಸೆರೆವಾಸವೂ ಒದಗಬಹುದು. ಇದನ್ನು ತಪ್ಪಿಸಲು ‘ಟಾರ್’ ಎಂಬ ಜಾಲವಿದೆ. ಒಂದರೊಳಗೊಂದಾಗಿ ಮೂರು ಲಕೋಟೆಗಳಲ್ಲಿಟ್ಟ ಪತ್ರದಂತೆ ಸಂದೇಶವು ಮೂರು ಕಂಪ್ಯೂಟರುಗಳನ್ನು ದಾಟುತ್ತದೆ. ಪ್ರತಿಯೊಂದೂ ತನ್ನ ಪಾಲಿನ ಲಕೋಟೆಯನ್ನು ಮಾತ್ರ ತೆರೆಯುತ್ತದೆ. ಈ ಕಂಪ್ಯೂಟರುಗಳ ಪಟ್ಟಿ ಬಹಿರಂಗವಾದುದರಿಂದ ಕೆಲವು ಸರಕಾರಗಳು ಆ ದಾರಿಯನ್ನೇ ಮುಚ್ಚುತ್ತವೆ. 2021ರಲ್ಲಿ ರಷ್ಯಾ ಹಾಗೆ ಮಾಡಿತು. ಆಗ ಮೊದಲನೆಯ ಕಂಪ್ಯೂಟರಿನ ಸ್ಥಾನದಲ್ಲಿ ನಿಲ್ಲುವುದೇ ‘ಸೇತುವೆ’. ಅದರ ವಿಳಾಸ ಆ ಪಟ್ಟಿಯಲ್ಲಿರುವುದಿಲ್ಲ.

ಮೈಸೂರಿನ ಒಂದು ಸಾಮಾನ್ಯ ಮನೆಯಲ್ಲಿಯೂ ಸೇತುವೆಯನ್ನು ನಡೆಸಬಹುದು. ಅದಕ್ಕೆ ಹಗಲಿರುಳೂ ವಿದ್ಯುತ್ತು ಮತ್ತು ಅಂತರಜಾಲದ ಸಂಪರ್ಕ ಬೇಕು; ಪ್ರತಿಫಲವೇನೂ ಇಲ್ಲ. ಬಂದವನ ವಿಳಾಸ ಸೇತುವೆಗೆ ತಿಳಿಯುತ್ತದೆ. ಅವನ ಗುರಿಯಾಗಲಿ ಮಾತಾಗಲಿ ತಿಳಿಯದು. ದುಷ್ಟರೂ ಈ ಮರೆಯನ್ನು ಬಳಸಬಹುದೆಂಬ ಆಕ್ಷೇಪ ಸುಳ್ಳಲ್ಲ. ಆದರೆ ಕಳ್ಳನೂ ನಡೆಯುವನೆಂದು ಊರಿನ ಸೇತುವೆಯನ್ನು ಯಾರೂ ಕೆಡವುವುದಿಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿತು. ತನ್ನ ಹಕ್ಕನ್ನು ಕಾಯ್ದುಕೊಳ್ಳುವುದು ಎಲ್ಲರಿಗೂ ಸಹಜ. ಹೆಸರರಿಯದ ಪರರ ಹಕ್ಕನ್ನು ಕಾಯುವವನು ಸೇತುವೆಯನ್ನು ನಡೆಸುವವನು.