ರೈತನ ವರ್ಷ, ರೈತನ ಹಬ್ಬ



ಮುಂಬಯಿಯಲ್ಲಿ ಬೆಳೆಯುವ ನಮಗೆ ಹಬ್ಬವೆಂದರೆ ರಜೆ, ಹೊಸ ಬಟ್ಟೆ, ಸಿಹಿಯೂಟ. ಅದು ಯಾವ ತಿಥಿಯಂದು ಬರುವುದೆಂದು ಗೋಡೆಯ ಪಂಚಾಂಗದಿಂದ ತಿಳಿಯುತ್ತೇವೆ. ಆದರೆ ಆ ಹೊತ್ತಿಗೆ ಹೊಲದಲ್ಲಿ ಯಾವ ಕೆಲಸ ಮುಗಿದಿರುತ್ತದೆ, ಯಾವುದು ಮೊದಲಾಗಬೇಕಾಗಿರುತ್ತದೆ ಎಂಬುದನ್ನು ಪಂಚಾಂಗ ಹೇಳುವುದಿಲ್ಲ. ನಮ್ಮ ಹಿರಿಯರ ಊರುಗಳಲ್ಲಿ ಅನೇಕ ಹಬ್ಬಗಳು ಬೇಸಾಯದ ಒಂದೊಂದು ಘಟ್ಟದ ಗುರುತುಗಳೇ ಆಗಿವೆ.

ಮೊದಲು ವಿಜಯಪುರ, ಧಾರವಾಡ, ಕಲಬುರಗಿಗಳ ಬಯಲುಸೀಮೆಯನ್ನು ನೋಡೋಣ. ಅಲ್ಲಿ ಜ್ಯೇಷ್ಠ ಮಾಸದ ಹುಣ್ಣಿಮೆಯೇ ಕಾರಹುಣ್ಣಿಮೆ. ಅದು ಮುಂಗಾರು ಬಿತ್ತನೆಯ ಕಾಲ. ಅಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಜೂಲು ಹೊದಿಸಿ, ಸಂಜೆ ಊರ ಅಗಸೆಯ ಬಳಿ ಓಡಿಸುವರು. ಅಡ್ಡಲಾಗಿ ಕಟ್ಟಿದ ತೋರಣದ ಹಗ್ಗವನ್ನು ಎತ್ತುಗಳು ಹರಿದುಕೊಂಡು ಹೋಗುತ್ತವೆ. ಇದಕ್ಕೆ ‘ಕರಿ ಹರಿಯುವುದು’ ಎಂದು ಹೆಸರು. ಮುಂದಾದ ಎತ್ತು ಬಿಳಿಯದಾದರೆ ಹಿಂಗಾರು ಬೆಳೆ, ಕೆಂಪಾದರೆ ಮುಂಗಾರು ಬೆಳೆ ಚೆನ್ನಾಗಿ ಬರುವುದೆಂದು ಹಲವು ಊರುಗಳಲ್ಲಿ ನಂಬುವರು. ಎತ್ತಿನ ಬಣ್ಣದಿಂದ ಮಳೆಯನ್ನು ತಿಳಿಯಲಾಗದು, ನಿಜ. ಆದರೆ ಊರಿನ ಯಾವ ಎತ್ತು ಎಷ್ಟು ಗಟ್ಟಿ ಎಂಬುದು ಆ ಓಟದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಹದಿನೈದು ದಿನಗಳ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮಣ್ಣಿನಿಂದ ಜೋಡೆತ್ತು ಮಾಡಿ ಪೂಜಿಸುವರು.

ಆಶ್ವಯುಜದ ಸೀಗಿಹುಣ್ಣಿಮೆಯಂದು ಪೈರು ಹೊತ್ತ ಭೂಮಿಯನ್ನು ಬಸುರಿಯೆಂದು ಭಾವಿಸಿ ಬಯಕೆಯೂಟ ಬಡಿಸುವರು. ಮಲೆನಾಡಿನಲ್ಲಿ ಇದೇ ಭೂಮಿಹುಣ್ಣಿಮೆ. ಮಾರ್ಗಶಿರದ ಎಳ್ಳಮಾವಾಸ್ಯೆಯಂದು ಬಯಲುಸೀಮೆಯ ಜನ ಹಿಂಗಾರಿ ಜೋಳದ ಹೊಲಕ್ಕೆ ಬುತ್ತಿ ಒಯ್ದು, ತಾವು ಉಣ್ಣುವ ಮೊದಲು ಅಡಿಗೆಯನ್ನು ಹೊಲದ ಸುತ್ತ ಎರಚುವರು. ಇದೇ ‘ಚರಗ ಚೆಲ್ಲುವುದು’. ಭೂಮಿಯಿಂದ ಪಡೆಯುವ ಮುನ್ನ ಭೂಮಿಗೆ ಕೊಡಬೇಕೆಂಬುದು ಇದರ ತಿರುಳು.

ಕರಾವಳಿಯ ತುಳುನಾಡಿನಲ್ಲಿ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ ಕೆಡ್ಡಸ ಬರುತ್ತದೆ. ಭೂಮಿತಾಯಿ ಆಗ ಋತುಮತಿಯಾಗುವಳೆಂಬ ನಂಬಿಕೆಯಿಂದ ಆ ಮೂರು ದಿನ ನೆಲ ಅಗೆಯುವುದಿಲ್ಲ, ಹಸಿ ಗಿಡಮರಗಳನ್ನು ಕಡಿಯುವುದಿಲ್ಲ. ಹುರಿದ ಅಕ್ಕಿಯ ಹಿಟ್ಟಿಗೆ ಬೆಲ್ಲ ಬೆರೆಸಿ ಹಂಚುವರು. ಕೊನೆಯ ದಿನ ನೆಲಕ್ಕೆ ಎಣ್ಣೆ ಎರೆಯುವರು. ದುಡಿಯುವವನಿಗೆ ವಿಶ್ರಾಂತಿ ಬೇಕೆಂಬುದನ್ನು ನಾವೆಲ್ಲ ಬಲ್ಲೆವು. ದುಡಿಸಿಕೊಳ್ಳುವ ಮಣ್ಣಿಗೂ ಅದು ಬೇಕೆಂದು ಈ ಹಬ್ಬ ಕಲಿಸುತ್ತದೆ.

ಇಂಥ ಭಾವನೆ ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ದೂರದ ಯುಕ್ರೇನಿನ ರೈತರು ಕೊಯ್ಲಿನ ಕೊನೆಗೆ ಒಂದು ಹಿಡಿ ತೆನೆಯನ್ನು ಕೊಯ್ಯದೆ ಹೊಲದಲ್ಲಿಯೇ ಕಟ್ಟಿ ಬಿಡುತ್ತಿದ್ದರು. ಕ್ರಿಸ್ಮಸ್ಸಿನ ಹಿಂದಿನ ಸಂಜೆ ತೆನೆಯ ಕಟ್ಟೊಂದನ್ನು ಮನೆಯೊಳಗೆ ತಂದು ಗೌರವದಿಂದ ಇರಿಸುವರು. ‘ದಿದೂಖ್’ ಎನಿಸುವ ಈ ಕಟ್ಟು ಪೂರ್ವಜರ ನೆನಪಿನ ಸಂಕೇತ. ನೆರೆಯ ಮಾಲ್ಡೋವದಲ್ಲಿ ಹೊಸವರ್ಷದ ಮುನ್ನಾದಿನ ಹುಡುಗರು ಗಂಟೆ ಬಾರಿಸುತ್ತ, ಚಾವಟಿ ಬೀಸುತ್ತ ಮನೆಮನೆಗೆ ಹೋಗಿ ಒಳ್ಳೆಯ ಬೆಳೆಯನ್ನು ಹಾರೈಸುವರು. ಈ ಆಚರಣೆಯ ಹೆಸರು ‘ಪ್ಲುಗುಶೋರ್’. ಅಂದರೆ ಪುಟ್ಟ ನೇಗಿಲು.

ನಮ್ಮ ಮುಂಬಯಿಯೂ ಇದಕ್ಕೆ ಹೊರತಲ್ಲ. ವರಳಿ, ವರ್ಸೋವಾಗಳ ಕೋಳಿವಾಡಗಳಲ್ಲಿ ಶ್ರಾವಣದ ನಾರಳಿ ಪೂರ್ಣಿಮೆಯಂದು ಬೆಸ್ತರು ಕಡಲಿಗೆ ತೆಂಗಿನಕಾಯಿ ಅರ್ಪಿಸುವರು. ಮಳೆಗಾಲದಲ್ಲಿ ದಡ ಸೇರಿದ ದೋಣಿಗಳು ಮತ್ತೆ ನೀರಿಗಿಳಿಯುವ ಕಾಲವದು. ಕಡಲೇ ಅವರ ಹೊಲ.

ಇಂದು ಹಳ್ಳಿಗಳಲ್ಲಿಯೂ ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾಗುತ್ತಿವೆ. ಎತ್ತಿಲ್ಲದ ಊರಿನಲ್ಲಿ ಕಾರಹುಣ್ಣಿಮೆಯ ಹೆಸರು ಉಳಿಯಬಹುದು, ಅರ್ಥ ಉಳಿಯಲಾರದು. ಅದನ್ನು ಬಲ್ಲವರು ನಮ್ಮ ಮನೆಗಳಲ್ಲಿಯೇ ಇರುವ ಅಜ್ಜ ಅಜ್ಜಿಯರು. ಈ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿರಿ: ನಿಮ್ಮ ಊರಿನಲ್ಲಿ ಯಾವ ಹಬ್ಬದ ಹೊತ್ತಿಗೆ ಯಾವ ಬೆಳೆ ನಿಂತಿರುತ್ತಿತ್ತು? ಅಂದು ಯಾವ ಕೆಲಸ ಮಾಡಬಾರದಿತ್ತು? ಯಾವ ಅಡಿಗೆ, ಯಾವ ಧಾನ್ಯದ್ದು? ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಹೊಲವನ್ನು ಕಾಣದ ನಾವು ಹೊಲದ ತಿಳಿವಳಿಕೆಗೆ ಸಲ್ಲಿಸಬಹುದಾದ ಸೇವೆ ಇದು.