ಗಲ್ಫ್‌ಗೆ ಹೊರಟವರ ಮೈ ಮತ್ತು ಪೆಟ್ಟಿಗೆ

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಬಿಟ್ಟಂಗಾಲದಂಥ ಊರುಗಳಲ್ಲಿ ವೀಸಾ ಕೈಗೆ ಬಂದ ಹುಡುಗರು ಹೊರಡಲು ಅಣಿಯಾಗುತ್ತಾರೆ. ಮಾಕುಟ್ಟದ ಘಟ್ಟ ಇಳಿದು ಇರಿಟ್ಟಿ ದಾಟಿದರೆ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ. 2018ರ ಡಿಸೆಂಬರಿನಲ್ಲಿ ಅದು ತೆರೆದ ಮೇಲೆ ವಿರಾಜಪೇಟೆ ಕಡೆಯವರಿಗೆ ಗಲ್ಫ್ ಇನ್ನಷ್ಟು ಹತ್ತಿರವಾಗಿದೆ. ಹೊರಡುವ ಮುನ್ನ ಪಾಸ್‌ಪೋರ್ಟು, ಟಿಕೆಟನ್ನು ಮನೆಮಂದಿಯೆಲ್ಲ ಎರಡೆರಡು ಸಲ ನೋಡುತ್ತಾರೆ. ಆರೋಗ್ಯದ ವಿಷಯ ಬಂದಾಗ ಮಾತ್ರ “ಹುಡುಗ ತಾನೇ, ಗಟ್ಟಿಯಾಗಿದ್ದಾನೆ” ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಗಟ್ಟಿಮುಟ್ಟಾದ ಯುವಕನನ್ನೂ ಬಿಸಿಲು ಕೆಡವಬಲ್ಲದು. ತೋಟದ ನೆರಳಲ್ಲಿ, ತಂಪು ಹವೆಯಲ್ಲಿ ಬೆಳೆದ ಮೈ ನಲವತ್ತೈದು ಡಿಗ್ರಿಯ ಶಾಖಕ್ಕೆ ಒಗ್ಗಲು ಒಂದೆರಡು ವಾರ ಬೇಕು. ಬೇಗ ಬೆವರುವುದನ್ನು, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆದುಕೊಳ್ಳುವುದನ್ನು ದೇಹ ನಿಧಾನವಾಗಿಯೇ ಕಲಿಯುತ್ತದೆ. ಅದಕ್ಕಾಗಿಯೇ ಹೊಸಬರು ಮೊದಲ ದಿನ ಬಿಸಿಲಿನಲ್ಲಿ ಪೂರ್ಣ ಕೆಲಸದ ಐದನೇ ಒಂದು ಭಾಗ ಮಾತ್ರ ಮಾಡಿ, ದಿನದಿನಕ್ಕೆ ಅಷ್ಟಷ್ಟೇ ಹೆಚ್ಚಿಸಬೇಕೆಂದು ಕಾರ್ಮಿಕ ಆರೋಗ್ಯ ತಜ್ಞರು ಹೇಳುತ್ತಾರೆ. ಎಲ್ಲ ಮೇಸ್ತ್ರಿಗಳೂ ಇದಕ್ಕೆ ಒಪ್ಪುವುದಿಲ್ಲ ನಿಜ. ಆದರೂ “ನಾನು ಹೊಸಬ” ಎಂದು ಹೇಳಿಕೊಳ್ಳಲು ನಾಚಿಕೆ ಪಡಬೇಡಿ. ರಜೆಗೆ ಊರಿಗೆ ಬಂದು ತಿಂಗಳು ಕಳೆದು ಮರಳಿದವನೂ ಬಿಸಿಲಿನ ಮಟ್ಟಿಗೆ ಹೊಸಬನೇ.

ಕಾನೂನೂ ನಿಮ್ಮ ಪರವಾಗಿದೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ, ಸೌದಿಯಲ್ಲಿ ಅದೇ ಅವಧಿಯಲ್ಲಿ 12ರಿಂದ 3ರ ತನಕ ಬಿಸಿಲಲ್ಲಿ ದುಡಿಸುವಂತಿಲ್ಲ. ಕತಾರ್‌ನಲ್ಲಿ ಜೂನ್ 1ರಿಂದಲೇ ಬೆಳಿಗ್ಗೆ 10ರಿಂದ 3.30ರವರೆಗೆ ನಿಷೇಧ. ಊರಲ್ಲಿ ಮಳೆ ಹೊಯ್ಯುವ ಅದೇ ತಿಂಗಳುಗಳಿವು. ಇಲ್ಲಿ ಕುಳಿತವರಿಗೆ ಅಲ್ಲಿನ ಉರಿ ಸುಲಭವಾಗಿ ಊಹೆಗೆ ಬರುವುದಿಲ್ಲ.

ಬಾಯಾರಿಕೆಗೆ ಕಾಯದೆ ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಂದು ಲೋಟ ನೀರು ಕುಡಿಯಬೇಕು. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಇದನ್ನು ತಿಂಗಳುಗಟ್ಟಲೆ ಕಡೆಗಣಿಸಿದರೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಬಹುದು. ಕೋಲಾ, ಎನರ್ಜಿ ಡ್ರಿಂಕ್ ನೀರಿನ ಬದಲಿಯಲ್ಲ. ಊಟ ಬಿಡಬೇಡಿ, ಬೆವರಿನಲ್ಲಿ ಹೋದ ಉಪ್ಪು ಊಟದಿಂದಲೇ ಮರಳಬೇಕು. ರಮಝಾನ್‌ನಲ್ಲಿ ಹೊರಗೆ ದುಡಿಯುವವರು, ಅದರಲ್ಲೂ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಮುಂಚಿತವಾಗಿ ವೈದ್ಯರನ್ನು ಕಾಣಬೇಕು. ರೋಗಿಗೂ ಪ್ರಯಾಣಿಕನಿಗೂ ಉಪವಾಸದಲ್ಲಿ ರಿಯಾಯಿತಿ ಇದೆ, ಬಿಟ್ಟದ್ದನ್ನು ಮುಂದೆ ಪೂರೈಸಬಹುದು.

ಜೊತೆಗಾರ ತೊದಲುತ್ತಿದ್ದರೆ, ಸಂಬಂಧವಿಲ್ಲದ್ದನ್ನು ಮಾತಾಡಿದರೆ, ಮೈ ಸುಡುತ್ತಾ ಕುಸಿದರೆ ಅದನ್ನು ಸುಸ್ತು ಎಂದು ಬಿಡಬೇಡಿ. ಅದು ಹೀಟ್ ಸ್ಟ್ರೋಕ್. ಕೂಡಲೇ ನೆರಳಿಗೆ ಎಳೆದು, ಮೇಲಂಗಿ ಬಿಚ್ಚಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳಲ್ಲಿ ಐಸ್ ಇಡಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಆಂಬುಲೆನ್ಸ್‌ಗೆ ಯುಎಇಯಲ್ಲಿ 998, ಸೌದಿಯಲ್ಲಿ 997. ಅದು ಬರುವವರೆಗೂ ತಣ್ಣೀರು ಸುರಿಯುತ್ತಲೇ ಇರಬೇಕು.

ಇನ್ನು ಪೆಟ್ಟಿಗೆ. ಇಲ್ಲಿ ಉಮ್ಮಂದಿರಿಗೆ ಒಂದು ಮಾತು. ಗಸಗಸೆ ನಮ್ಮಲ್ಲಿ ಪಾಯಸಕ್ಕೂ ಕುರ್ಮಕ್ಕೂ ಬೇಕಾದ ಸಾಮಾನು, ಯುಎಇ ಮತ್ತು ಸೌದಿಯಲ್ಲಿ ಅದು ನಿಷಿದ್ಧ. ಅಫೀಮಿನ ಗಿಡದ ಬೀಜವಾದ್ದರಿಂದ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸುತ್ತಾರೆ. ಆದ್ದರಿಂದ ಪ್ರೀತಿಯಿಂದ ಅರೆದು ಕಟ್ಟಿಕೊಡುವ ಮಸಾಲೆ ಪುಡಿಯಲ್ಲೂ ಗಸಗಸೆ ಇರಬಾರದು. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ರೆಯ ಮಾತ್ರೆಗಳನ್ನು ಅನುಮತಿ ಇಲ್ಲದೆ ಒಯ್ದರೆ ಜೈಲಾಗಬಹುದು. ಬೇರೆ ಔಷಧಗಳನ್ನೂ ಅಂಗಡಿಯ ಪಟ್ಟಿಯಲ್ಲೇ ಇಟ್ಟು, ಔಷಧದ ಮೂಲ ಹೆಸರು ಬರೆದಿರುವ ವೈದ್ಯರ ಇಂಗ್ಲಿಷ್ ಚೀಟಿಯನ್ನು ಜೊತೆಗಿಡಿ.

ಯಾರದೋ ಪೊಟ್ಟಣ ಒಯ್ಯುವ ವಿಷಯದಲ್ಲಿ ದಾಕ್ಷಿಣ್ಯ ಬೇಡ. 2019ರಲ್ಲಿ ಮುಂಬೈನ ದಂಪತಿಯೊಂದು ಬಂಧುವೊಬ್ಬರು ಕೊಟ್ಟ ಪೊಟ್ಟಣ ಹಿಡಿದು ಕತಾರ್‌ಗೆ ಹೋಯಿತು. ಅದರಲ್ಲಿ ಸಿಕ್ಕಿದ್ದು ನಾಲ್ಕು ಕಿಲೋಗೂ ಹೆಚ್ಚು ಹಶೀಶ್. ಹತ್ತು ವರ್ಷದ ಶಿಕ್ಷೆಯಾಯಿತು, ಮಗು ಹುಟ್ಟಿದ್ದು ಸೆರೆಯಲ್ಲಿ. ನಿರಪರಾಧಿಗಳೆಂದು ಸಾಬೀತಾಗಿ ಅವರು ಊರಿಗೆ ಮರಳಿದ್ದು 2021ರಲ್ಲಿ. ಪಕ್ಕದ ಮನೆಯವರದೇ ಆಗಲಿ, ಬಿಚ್ಚಿ ನೋಡದ ಪೊಟ್ಟಣ ಪೆಟ್ಟಿಗೆಗೆ ಹೋಗಬಾರದು. ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ.

ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಮಲಗುವಲ್ಲಿ ಕಜ್ಜಿ, ತಿಗಣೆ ಬೇಗ ಹರಡುತ್ತವೆ. ಟವೆಲು, ಹಾಸಿಗೆ ಬಟ್ಟೆ, ರೇಜರ್ ನಿಮ್ಮದೇ ಇರಲಿ. ತಿಗಣೆಗಿಂತ ಅಪಾಯಕಾರಿ ಅದನ್ನು ಕೊಲ್ಲಲು ಹಾಕುವ ವಿಷ. ದವಸಕ್ಕೆ ಹುಳ ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಕೆಲವರು ಕದ್ದುಮುಚ್ಚಿ ತಂದು ಕೋಣೆಯಲ್ಲಿಡುತ್ತಾರೆ. ಅದರ ಅನಿಲ ಬಿರುಕು, ಕೊಳವೆಗಳ ಮೂಲಕ ಪಕ್ಕದ ಮನೆಗೂ ನುಗ್ಗುತ್ತದೆ. ಯುಎಇಯಲ್ಲಿ ಇದರಿಂದ ಮಕ್ಕಳು ಸತ್ತಿದ್ದಾರೆ. ಒಂದೇ ಕೋಣೆಯ ಹಲವರಿಗೆ ಒಟ್ಟಿಗೆ ವಾಂತಿ, ಉಸಿರುಗಟ್ಟುವಿಕೆ ಬಂದರೆ ಊಟದ ದೋಷವೆಂದು ಮಲಗಬೇಡಿ. ಎಲ್ಲರೂ ಹೊರಗೆ ಬಂದು ಆಂಬುಲೆನ್ಸ್ ಕರೆಯಿರಿ.

ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟಿನಲ್ಲಿ ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿಯ ರಕ್ಷಣೆ, ಕಂತು ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ. ಏಜೆಂಟರ ನೋಂದಣಿಯನ್ನು ಇ-ಮೈಗ್ರೇಟ್ ತಾಣದಲ್ಲಿ ನೋಡಿಕೊಳ್ಳಿ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಕಳಿಸುತ್ತೇನೆ ಎನ್ನುವವನಿಗೆ ಹಣ ಕೊಡಬೇಡಿ. ಹಾಗೆ ಹೋದವನು ಗಾಯಗೊಂಡರೆ ಆಸ್ಪತ್ರೆಯ ಬಿಲ್ಲಿಗೆ ಯಾರೂ ಹೊಣೆಯಾಗದೆ ಹೋಗಬಹುದು.

ಕಾಗದಪತ್ರಗಳ ಒಂದು ಪ್ರತಿ, ಕಂಪನಿ ಮತ್ತು ಕೋಣೆಯ ವಿಳಾಸ, ರಕ್ತದ ಗುಂಪು ಮನೆಯಲ್ಲಿರಲಿ. ಯುಎಇಯಲ್ಲಿರುವವರು ಕಷ್ಟ ಬಂದಾಗ ಭಾರತೀಯ ಸಹಾಯ ಕೇಂದ್ರದ 800 46342ಕ್ಕೆ ಕರೆ ಮಾಡಬಹುದು, ಅದು ಉಚಿತ.