ಹಳೆ ಮ್ಯಾಸಿಯ ಲಿಫ್ಟ್: ತಮ್ಮನಿಗೊಂದಿಷ್ಟು ಕಿವಿಮಾತು

ತಮ್ಮಾ, ಈ ಹಂಗಾಮಿನಿಂದ ನಮ್ಮ ಹಳೆ ಮ್ಯಾಸಿ 1035 ನಿನ್ನ ಕೈಗೆ. ಓಡಿಸುವುದು ನಿನಗೆ ಬರುತ್ತದೆ, ಲಿಫ್ಟಿನ ಹಿಡಿತ ಇನ್ನೂ ಕೂತಿಲ್ಲ. ದಾನೋಳಿಯ ಹೊಲ ವಾರಣಾ ದಂಡೆಯ ಎರೆ. ಹಸಿಯಿದ್ದರೆ ಅಂಟುತ್ತದೆ, ಒಣಗಿದರೆ ಹೆಂಟೆ ಏಳುತ್ತದೆ. ಲಿವರನ್ನು ಕೊನೆತನಕ ಎಳೆದುಬಿಡುವ ರೂಢಿ ಇಲ್ಲಿ ನಡೆಯುವುದಿಲ್ಲ.

• ಸೀಟಿನ ಪಕ್ಕದ ಎರಡು ಲಿವರಿನಲ್ಲಿ ಒಂದು ಪೊಜಿಷನ್, ಇನ್ನೊಂದು ಡ್ರಾಫ್ಟ್. ಗುರುತು ಸವೆದುಹೋಗಿದೆ, ಅದಕ್ಕೆ ಕಲ್ಟಿವೇಟರ್ ಕಟ್ಟಿ, ನಿಂತಲ್ಲೇ ಒಂದೊಂದನ್ನೂ ಮೆಲ್ಲಗೆ ಸರಿಸಿ ನೋಡು. ಲಿವರ್ ಸರಿದಷ್ಟೇ ತೋಳು ಏರಿ ನಿಂತರೆ ಅದು ಪೊಜಿಷನ್. ನಡುವೆ ನಿಲ್ಲದೆ ಪೂರ್ತಿ ಏರಿದರೆ, ಪೂರ್ತಿ ಇಳಿದರೆ ಡ್ರಾಫ್ಟ್.

• ಪಲ್ಟಿ ನೇಗಿಲಿಗೆ ಡ್ರಾಫ್ಟೇ ಬೇಕು. ಬಿಗಿ ಮಣ್ಣು ಸಿಕ್ಕಾಗ ಟಾಪ್ ಲಿಂಕ್ ಮುಂದಕ್ಕೆ ಒತ್ತಿ ಸ್ಪ್ರಿಂಗನ್ನು ಅದುಮುತ್ತದೆ, ಲಿಫ್ಟ್ ತಾನೇ ತುಸು ಏರುತ್ತದೆ, ಚಕ್ರ ಜಾರುವುದು ತಪ್ಪುತ್ತದೆ. ಇದು ಹ್ಯಾರಿ ಫರ್ಗುಸನ್ ಕಂಡುಕೊಂಡ ಯುಕ್ತಿ. 1946ರಿಂದ 1956ರವರೆಗೆ ತಯಾರಾದ ಅವನ ಟಿಇ-20 ಟ್ರ್ಯಾಕ್ಟರಿನಲ್ಲಿ ಇದೊಂದೇ ಇತ್ತು. ಬೇಕಾದ ಎತ್ತರಕ್ಕೆ ನಿಲ್ಲಿಸುವ ಪೊಜಿಷನ್ ಬಂದದ್ದು ಆಮೇಲಿನ 35 ಮಾದರಿಯಲ್ಲಿ. ನಮ್ಮ 1035 ಆ 35ರ ವಂಶದ್ದು. ಕಲ್ಟಿವೇಟರ್, ರೋಟಾವೇಟರ್, ಬೋದು ಏರಿಸುವ ರಿಜರ್ ಇದ್ದಾಗ ಪೊಜಿಷನ್ ಹಿಡಿ.

• ರೋಟಾವೇಟರ್ ಇದ್ದಾಗ ಬದುವಿನ ಹತ್ತಿರ ತಿರುಗುವಾಗ ಮೇಲಕ್ಕೆ ಹಾರಿಸಬೇಡ. ಅದನ್ನು ತಿರುಗಿಸುವ ಶಾಫ್ಟ್ ಓರೆಯಾಗಿ ಕಟಕಟ ಎನ್ನುತ್ತದೆ, ಕೀಲಿನ ಕ್ರಾಸ್ ಮುರಿಯುತ್ತದೆ.  ಹಾಗಾಗಿ ಎತ್ತರಕ್ಕೆ ಮಿತಿ ಹಾಕು. ಬ್ಲೇಡು ನೆಲದಿಂದ ಒಂದು ಗೇಣು ಮೇಲೆ ಬಂದ ಜಾಗದಲ್ಲಿ ಸ್ಟಾಪರ್ ನಟ್ಟು ಬಿಗಿದು, ಪಕ್ಕದಲ್ಲಿ ಬಣ್ಣದ ಗೆರೆ ಎಳೆ. ನೇಗಿಲಿಗೆ ಬೇರೆ ಬಣ್ಣ. ಆಳು ಬದಲಾದರೂ ಎತ್ತರ ಬದಲಾಗಬಾರದು.

• ಲಿಫ್ಟ್ ಏಳಲೇ ಇಲ್ಲವೆಂದು ಜಯಸಿಂಗಪುರದ ಮೆಕ್ಯಾನಿಕ್‌ಗೆ ಫೋನು ಮಾಡುವ ಮೊದಲು ಕ್ಲಚ್ ಮೇಲೆ ಕಾಲಿದೆಯಾ ನೋಡು. ಅದನ್ನು ಪೂರ್ತಿ ತುಳಿದು ಹಿಡಿದರೆ ಏಳುವುದಿಲ್ಲ. ಆಮೇಲೆ ಆಯಿಲ್ ಕಡ್ಡಿ ಎಳೆದು ನೋಡು.

• ಗೇರ್‌ಬಾಕ್ಸಿಗೂ ಲಿಫ್ಟಿಗೂ ಆಯಿಲ್ ಒಂದೇ. 2019, 2021ರಂಥ ಮಹಾಪೂರದ ನೀರು ಮನೆಯಂಗಳಕ್ಕೆ ಬಂದಾಗ ಗಾಡಿ ಎತ್ತರದ ಜಾಗದಲ್ಲಿರಲಿ. ನೀರು ಹೊಕ್ಕಿದ್ದರೆ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ. ಅಂಥದ್ದನ್ನು ಚೆಲ್ಲು, ಫಿಲ್ಟರ್ ತೊಳೆ, ಎಂಜಿನ್ ಚಾಲೂ ಮಾಡುವ ಆಸೆ ಆಮೇಲೆ.

• ಎಡಗಡೆ ಲಿಫ್ಟ್ ರಾಡಿನ ಉದ್ದ ಬದಲಾಗದು. ಬಲಗಡೆಯದನ್ನು ಹ್ಯಾಂಡಲ್ ತಿರುಗಿಸಿ ಸರಿಮಾಡು, ಕಲ್ಟಿವೇಟರ್ ಸಮಪಾತಳಿ ಕೂರಬೇಕು.

• ಎಂಜಿನ್ ಬಂದಾದ ಮೇಲೆ ಎತ್ತಿದ ಅವಜಾರ ಮೆಲ್ಲಗೆ ಕುಸಿದರೆ ಒಳಗೆ ಸೀಲೋ ವಾಲ್ವೋ ಸೋರುತ್ತಿದೆ. ಸೋರದಿದ್ದರೂ ಗಾಡಿ ನಿಲ್ಲಿಸಿದೊಡನೆ ಅವಜಾರ ನೆಲಕ್ಕಿಳಿಸು. ಬ್ಲೇಡು ಬದಲಿಸಲು ಕೆಳಗೆ ಕೈ ಹಾಕುವ ಮುಂಚೆ ದಪ್ಪ ಕಟ್ಟಿಗೆಯ ದಿಮ್ಮಿ ಕೊಡು. ಲಿಫ್ಟ್ ನಂಬಿ ಯಾರೂ ಅದರಡಿ ಕೂರಬಾರದು, ಮಕ್ಕಳಂತೂ ಹತ್ತಿರವೂ ಸುಳಿಯಬಾರದು.

• ಎಲ್ಲಕ್ಕಿಂತ ನನಗೆ ಭಯ ಕಬ್ಬಿನ ಟ್ರಾಲಿಯದು. ಕಾರ್ಖಾನೆ ಹಂಗಾಮಿನಲ್ಲಿ, ಹಸಿ ಗಾಡಿದಾರಿಯಲ್ಲಿ ತುಂಬಿದ ಟ್ರಾಲಿ ಹೂತಾಗ ಕೆಲವರು ಸರಪಳಿಯನ್ನು ಟಾಪ್ ಲಿಂಕಿನ ಜಾಗಕ್ಕೆ ಸಿಕ್ಕಿಸಿ ಎಳೆಯುತ್ತಾರೆ. ಎಳೆತ ಹಿಂದಿನ ಅಚ್ಚಿಗಿಂತ ಮೇಲಿದ್ದರೆ ಮುಂದಿನ ಚಕ್ರ ಏಳುತ್ತದೆ, ಕ್ಲಚ್ ತುಳಿಯುವಷ್ಟರಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಹಳೆ ಗಾಡಿಗೆ ತಲೆಯ ಮೇಲೆ ರಕ್ಷಣೆಯ ಚೌಕಟ್ಟೂ ಇಲ್ಲ. ಎಳೆಯುವುದಿದ್ದರೆ ಅಚ್ಚಿಗಿಂತ ಕೆಳಗಿರುವ ಹುಕ್ಕಿನಿಂದಲೇ, ಸಣ್ಣ ಗೇರಿನಲ್ಲಿ, ಕ್ಲಚ್ ಮೆಲ್ಲಗೆ ಬಿಟ್ಟು. ಮುಂದಿನ ಚಕ್ರ ಹಗುರಾಯಿತು ಅನ್ನಿಸಿದ ಕ್ಷಣವೇ ಎಳೆಯುವುದನ್ನು ನಿಲ್ಲಿಸು. ಅರ್ಧ ಕಬ್ಬು ಇಳಿಸು, ಇಲ್ಲವೇ ಇನ್ನೊಂದು ಟ್ರ್ಯಾಕ್ಟರ್ ಕರೆಸು.